ಪೂಲಿಗೆ ಬೇಲಿ ಬೇಕು ಎಂದರೆ ಮನೆಯಲ್ಲಿ ಜಗಳ

ಪ್ರಶ್ನೆ: ನಾವಿರುವುದು ಅಮೆರಿಕದ ಅರಿಜೋನಾದಲ್ಲಿ, ಫೀನಿಕ್ಸ್ ಪಕ್ಕದ ಚಾಂಡ್ಲರ್‌ನಲ್ಲಿ. ಮಗನಿಗೆ ಎರಡೂವರೆ ವರ್ಷ, ಮಗಳಿಗೆ ಐದು ತಿಂಗಳು. ಹಿತ್ತಲಲ್ಲಿ ಈಜುಕೊಳ ಇರುವ ಮನೆಯನ್ನು ಈ ವರ್ಷ ಕೊಂಡೆವು. ಕಾಂಪೌಂಡ್ ಗೋಡೆ ಇದೆ, ಕೊಳದ ಸುತ್ತ ಬೇಲಿ ಇಲ್ಲ. ಹೋದ ತಿಂಗಳು ಮಗಳಿಗೆ ಹಾಲು ಕುಡಿಸಿ ಎದ್ದು ಬರುವಷ್ಟರಲ್ಲಿ ಮಗ ಗಾಜಿನ ಬಾಗಿಲು ಸರಿಸಿಕೊಂಡು ಹೋಗಿ, ನೀರಿನ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ತೇಲುತ್ತಿದ್ದ ಚೆಂಡಿಗೆ ಕೈ ಚಾಚುತ್ತಿದ್ದ. ಎಳೆದುಕೊಂಡು ಬಂದು ಎರಡೇಟು ಹೊಡೆದೆ. ಆಮೇಲೆ ನಾನೇ ಕೂತು ಅತ್ತುಬಿಟ್ಟೆ. ಅಂದಿನಿಂದ ರಾತ್ರಿ ಎದ್ದೆದ್ದು ಬಾಗಿಲು ನೋಡುತ್ತೇನೆ. ಬೇಲಿ ಹಾಕಿಸೋಣ ಎಂದರೆ ಯಜಮಾನರು, “ಇಷ್ಟು ದುಡ್ಡು ಸುರಿದು ಕೊಂಡ ಮನೆಗೆ ಜೈಲಿನ ಕಂಬಿ ಹಾಕಿಸಬೇಕಾ? ನೀನು ಸ್ವಲ್ಪ ಗಮನ ಇಟ್ಟರೆ ಸಾಕು” ಎನ್ನುತ್ತಾರೆ. ಊರಿಂದ ಬಂದಿರುವ ಅತ್ತೆ, “ನಾವು ಬಾವಿ ಪಕ್ಕದಲ್ಲೇ ಮಕ್ಕಳನ್ನು ಬೆಳೆಸಲಿಲ್ಲವಾ?” ಎನ್ನುತ್ತಾರೆ. ನಾನೇ ಅತಿ ಮಾಡುತ್ತಿದ್ದೇನಾ?
– ಹೆಸರು ಬೇಡ

ಉತ್ತರ: ಇಲ್ಲ, ನೀವು ಅತಿ ಮಾಡುತ್ತಿಲ್ಲ. ಮಿಕ್ಕ ಮಾತೆಲ್ಲ ಆಮೇಲೆ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮಗೆ ನೀರಿನ ಭಯ ಎಷ್ಟಿದೆಯೋ ‘ನಾನು ಸರಿಯಾದ ತಾಯಿ ಅಲ್ಲವೇನೋ’ ಎಂಬ ಭಯವೂ ಅಷ್ಟೇ ಇದೆ. ಐದು ತಿಂಗಳ ಕೂಸು ಮಡಿಲಲ್ಲಿ, ನಿದ್ದೆ ಮುಕ್ಕಾಲು ಪಾಲು ಇಲ್ಲ, ಅದರ ಮೇಲೆ ಕಣ್ಣೆದುರು ಅಂಥದ್ದೊಂದು ದೃಶ್ಯ. ಯಾರಿಗಾದರೂ ಎದೆ ನಡುಗುತ್ತದೆ. ಮಗನಿಗೆ ಹೊಡೆದದ್ದನ್ನು ಮನಸ್ಸಿನಲ್ಲಿ ತಿರುಗಿಸಿ ತಿರುಗಿಸಿ ನೋಡಬೇಡಿ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, “ಅಮ್ಮನಿಗೆ ತುಂಬಾ ಹೆದರಿಕೆ ಆಯ್ತು ಪುಟ್ಟ, ಹೊಡೀಬಾರದಿತ್ತು” ಎಂದು ಹೇಳಿ. ಅವನಿಗೆ ಅಷ್ಟು ಸಾಕು.

ಈಗ “ಸ್ವಲ್ಪ ಗಮನ ಇಟ್ಟರೆ ಸಾಕು” ಎಂಬ ಮಾತಿಗೆ ಬರೋಣ. ನಿಮ್ಮನ್ನು ಹೆಚ್ಚು ನೋಯಿಸಿರುವುದು ಇದೇ ಅನಿಸುತ್ತದೆ. ಅಮೆರಿಕದಲ್ಲಿ ಒಂದರಿಂದ ನಾಲ್ಕು ವರ್ಷದ ಮಕ್ಕಳ ಸಾವಿಗೆ ಎಲ್ಲಕ್ಕಿಂತ ದೊಡ್ಡ ಕಾರಣ ನೀರಿನಲ್ಲಿ ಮುಳುಗುವುದು. ಅಲ್ಲಿನ ಗ್ರಾಹಕ ವಸ್ತುಗಳ ಸುರಕ್ಷತಾ ಆಯೋಗ ಹಿಂದೆ ಅರಿಜೋನಾ, ಕ್ಯಾಲಿಫೋರ್ನಿಯಾ, ಫ್ಲಾರಿಡಾಗಳಲ್ಲಿ ಇಂಥ ಪ್ರಕರಣಗಳನ್ನು ಕೂಲಂಕಷವಾಗಿ ನೋಡಿತ್ತು. ಶೇ. 69ರಷ್ಟು ಮಕ್ಕಳು ಆ ಹೊತ್ತಿನಲ್ಲಿ ಕೊಳದ ಹತ್ತಿರ ಇರಬಹುದೆಂದು ಮನೆಯವರು ಯಾರೂ ಎಣಿಸಿಯೇ ಇರಲಿಲ್ಲ. ಶೇ. 77ರಷ್ಟು ಮಕ್ಕಳು ಕಣ್ಮರೆಯಾಗಿದ್ದದ್ದು ಐದು ನಿಮಿಷ ಅಥವಾ ಅದಕ್ಕೂ ಕಡಿಮೆ ಹೊತ್ತು. ಅವರೇನೂ ಬೇಜವಾಬ್ದಾರಿ ತಂದೆತಾಯಿಗಳಲ್ಲ. ಫೋನ್ ಬಂತು, ಕುಕ್ಕರ್ ಕೂಗಿತು, ಇನ್ನೊಂದು ಮಗು ಅತ್ತಿತು, ಅಷ್ಟೇ. ಮುಳುಗುವ ಪುಟ್ಟ ಮಗು ಸಿನಿಮಾದಲ್ಲಿ ತೋರಿಸುವ ಹಾಗೆ ಕೈಕಾಲು ಬಡಿದು ಕೂಗುವುದೂ ಇಲ್ಲ. ಸದ್ದೇ ಇರುವುದಿಲ್ಲ.

ಹಾಗಾಗಿ ಬೇಲಿ ಹಾಕಿಸಿದರೆ ನಿಮ್ಮ ಗಮನ ಸಾಲದು ಎಂದು ಒಪ್ಪಿಕೊಂಡಂತಲ್ಲ. ಮನೆಯಲ್ಲಿ ಎಷ್ಟೇ ಜನರಿದ್ದರೂ ಎಲ್ಲರ ಕಣ್ಣೂ ಒಟ್ಟಿಗೆ ತಪ್ಪುವ ಆ ನಾಲ್ಕೈದು ನಿಮಿಷಕ್ಕಾಗಿ ಬೇಲಿ. ಇದುವರೆಗೆ ಆ ಕಾವಲನ್ನು ಹೊತ್ತಿದ್ದು ನೀವೊಬ್ಬರೇ, ಅದೂ ರಾತ್ರಿ ಎದ್ದೆದ್ದು.

ಅತ್ತೆಯವರ ಮಾತು ಸುಳ್ಳಲ್ಲ. ಆದರೆ ಆ ಬಾವಿಗೆ ಕಟ್ಟೆ ಇತ್ತಲ್ಲ? ಸೊಂಟದೆತ್ತರದ ಕಟ್ಟೆ, ಜೊತೆಗೆ ಬೆಳಗಿನಿಂದ ಸಂಜೆಯವರೆಗೆ ನೀರು ಸೇದುವ, ಬಟ್ಟೆ ಒಗೆಯುವ, ಪಾತ್ರೆ ಬೆಳಗುವ ಹೆಂಗಸರು. ನಿಮ್ಮ ಹಿತ್ತಲ ಕೊಳ ನೆಲದ ಮಟ್ಟಕ್ಕೇ ಇದೆ. ನೀಲಿ ಬಣ್ಣ, ಮೇಲೆ ತೇಲುವ ಚೆಂಡು, ಸುತ್ತ ಯಾರೂ ಇಲ್ಲ. “ಆ ಕಟ್ಟೆಯನ್ನೇ ಇಲ್ಲಿ ಕಟ್ಟಿಸುತ್ತಿದ್ದೇವೆ ಅತ್ತೆ” ಎಂದು ಹೇಳಿ ನೋಡಿ. ಹಳ್ಳಿಯ ಬಾವಿ ಕಂಡವರಿಗೆ ಇದು ಬೇಗ ತಿಳಿಯುತ್ತದೆ. ನಾಳೆ ತಮ್ಮ ಮಗನ ಮುಂದೆ ಕೂತು ನಿಮ್ಮ ಪರವಾಗಿ ಮಾತಾಡುವವರೂ ಅವರೇ ಆಗಬಹುದು.

ನಿಮ್ಮ ಯಜಮಾನರನ್ನೂ ಕೆಟ್ಟವರೆಂದು ನಾನು ಭಾವಿಸುವುದಿಲ್ಲ. ಕೊಳ ಇರುವ ಮನೆ ಅವರ ಬಹಳ ದಿನದ ಆಸೆಯಿರಬೇಕು. ಅಡುಗೆಮನೆ ಕಿಟಕಿಯಿಂದ ಆ ನೀರು ಕಾಣಲಿ ಎಂದೇ ಸಾಲ ಮಾಡಿದ್ದಿರಬಹುದು. ಅವರು ಬೇಡವೆನ್ನುತ್ತಿರುವುದು ಕಂಬಿಯನ್ನು, ಮಗನ ಜೀವಕ್ಕೆ ಕಾವಲನ್ನಲ್ಲ. ಆದ್ದರಿಂದ ರಾತ್ರಿ ಹತ್ತು ಗಂಟೆಗೆ ಸುಸ್ತಾಗಿರುವಾಗ ಈ ವಿಷಯ ಎತ್ತಬೇಡಿ. ರಜೆಯ ದಿನ ಬೆಳಗ್ಗೆ ಕಾಫಿ ಹಿಡಿದು ಇಬ್ಬರೂ ಹಿತ್ತಲಿಗೆ ಹೋಗಿ. ಸಾಧ್ಯವಾದರೆ ಅವರು ಮಗನ ಎತ್ತರಕ್ಕೆ ನೆಲದ ಮೇಲೆ ಕೂತು ಆ ಗಾಜಿನ ಬಾಗಿಲಿನ ಹಿಡಿಯನ್ನೊಮ್ಮೆ ನೋಡಲಿ. ಬೇಲಿ ಬೇಕೋ ಬೇಡವೋ ಎಂಬ ಚರ್ಚೆಗೆ ಮಾತ್ರ ಇಳಿಯಬೇಡಿ. “ಬೇಲಿ ಬರಲೇಬೇಕು, ಯಾವ ಥರದ್ದು, ಯಾವ ಬಣ್ಣದ್ದು, ನೀವೇ ಆರಿಸಿ” ಎನ್ನಿ. ಆಯ್ಕೆ ಅವರ ಕೈಯಲ್ಲಿದ್ದರೆ ಸೋತ ಭಾವ ಬರುವುದಿಲ್ಲ. ಕಪ್ಪು ಜಾಲರಿಯ ಬೇಲಿ ನಾಲ್ಕು ಹೆಜ್ಜೆ ದೂರದಿಂದ ಹೆಚ್ಚುಕಡಿಮೆ ಕಾಣುವುದೇ ಇಲ್ಲ ಎಂಬುದನ್ನೂ ಹೇಳಬಹುದು.

ಇನ್ನೊಂದು, ಇದು ಗಂಡ ಹೆಂಡತಿಯ ಇಷ್ಟಾನಿಷ್ಟದ ವಿಷಯ ಮಾತ್ರವೂ ಅಲ್ಲ. ಮನೆ ಕೊಂಡಾಗ ಸಹಿ ಹಾಕಿದ ಕಾಗದಗಳ ಕಟ್ಟಿನಲ್ಲಿ ಈಜುಕೊಳದ ಸುರಕ್ಷತೆಯ ಬಗ್ಗೆ ಒಂದು ಸೂಚನಾಪತ್ರ ಇರಬೇಕು. ಕೊಳವಿರುವ ಮನೆ ಮಾರುವವರು ಅದನ್ನು ಕೊಡಬೇಕೆಂದು ಅರಿಜೋನಾದ ಕಾನೂನೇ ಹೇಳುತ್ತದೆ. ಹುಡುಕಿ ತೆಗೆದು ಇಬ್ಬರೂ ಓದಿ. ಕೊಳಕ್ಕೆ ಆವರಣ ಇರಬೇಕೆಂದೂ ಅದೇ ಕಾನೂನು ಹೇಳುತ್ತದೆ. ಮನೆಯಲ್ಲಿ ಎಲ್ಲರೂ ಆರು ವರ್ಷ ದಾಟಿದವರಾದರೆ ಅದರಿಂದ ವಿನಾಯಿತಿ ಇದೆ. ನಿಮ್ಮ ಮನೆಗೆ ಅದು ಸಿಗುವುದಿಲ್ಲ. ಹೊರಗಿನ ಆವರಣ ಐದು ಅಡಿ ಎತ್ತರ ಇರಬೇಕು. ನಾಲ್ಕು ಇಂಚಿನ ಚೆಂಡು ತೂರುವಷ್ಟು ಸಂದು ಎಲ್ಲಿಯೂ ಇರಬಾರದು, ಹೊರಗಿನಿಂದ ಕಾಲಿಟ್ಟು ಹತ್ತಲು ಆಸರೆ ಸಿಗಬಾರದು, ನೀರಿನ ಅಂಚಿನಿಂದ ಕನಿಷ್ಠ 20 ಇಂಚು ದೂರ ಇರಬೇಕು. ಗೇಟು ಕೊಳದ ಕಡೆಗಲ್ಲದೆ ಹೊರಕ್ಕೆ ತೆರೆಯಬೇಕು, ತಾನಾಗಿ ಮುಚ್ಚಿ ತಾನಾಗಿ ಚಿಲಕ ಬೀಳಬೇಕು. ಆ ಚಿಲಕ ಸಾಮಾನ್ಯವಾಗಿ ನೆಲದಿಂದ 54 ಇಂಚು ಮೇಲಿರಬೇಕು.

ನಿಮ್ಮಲ್ಲಿರುವ ಹಾಗೆ ಮನೆಯ ಗೋಡೆಯೇ ಆವರಣದ ಒಂದು ಬದಿಯಾಗಿದ್ದರೆ ಕಾನೂನು ಬೇರೆ ದಾರಿಗಳನ್ನೂ ಒಪ್ಪುತ್ತದೆ: ಮನೆಗೂ ಕೊಳಕ್ಕೂ ನಡುವೆ ನಾಲ್ಕಡಿಯ ಬೇಲಿ, ಇಲ್ಲವೇ ಕೀಲಿ ತಿರುಗಿಸಿದರೆ ಮುಚ್ಚಿಕೊಳ್ಳುವ ಮೋಟಾರು ಹೊದಿಕೆ, ಇಲ್ಲವೇ ಹಿತ್ತಲಿಗೆ ತೆರೆಯುವ ಬಾಗಿಲುಗಳಿಗೆ ಎತ್ತರದ ಚಿಲಕ ಮತ್ತು ಕಿಟಕಿಗಳಿಗೆ ತಕ್ಕ ಭದ್ರತೆ. ನಿಮ್ಮ ಯಜಮಾನರು ಈ ಕೊನೆಯದನ್ನೇ ಹಿಡಿದುಕೊಂಡು, “ಹಾಗಾದರೆ ಚಿಲಕ ಹಾಕಿದರಾಯಿತು” ಎನ್ನಬಹುದು. ನನ್ನ ಅಭಿಪ್ರಾಯ ಕೇಳಿದರೆ, ಅದು ಸಾಲದು. ನಿಮ್ಮೂರಲ್ಲಿ ಅರ್ಕಾಡಿಯಾ ಡೋರ್ ಎಂದು ಕರೆಯುವ ಆ ಸರಿಯುವ ಗಾಜಿನ ಬಾಗಿಲನ್ನು ಮನೆಯವರು ದಿನಕ್ಕೆಷ್ಟು ಸಲ ತೆರೆಯುತ್ತಾರೆ, ಎಷ್ಟು ಸಲ ಅರ್ಧಕ್ಕೇ ಬಿಡುತ್ತಾರೆ, ನೀವೇ ಎಣಿಸಿ. ಹಳೆಯ ಮಾಲೀಕರು ನಾಯಿಗೆಂದು ಬಾಗಿಲಿನ ಬುಡದಲ್ಲಿ ಕಿಂಡಿ ಮಾಡಿಸಿದ್ದರೆ ಅದರಲ್ಲಿ ಎರಡು ವರ್ಷದ ಮಗು ಸಲೀಸಾಗಿ ನುಸುಳುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಸಂಘವೂ ಕೊಳದ ನಾಲ್ಕೂ ಬದಿಗೆ, ಮನೆಯಿಂದ ಬೇರ್ಪಡಿಸುವ ಬೇಲಿಯನ್ನೇ ಹೇಳುತ್ತದೆ. ಐದಡಿಯದ್ದನ್ನೇ ಹಾಕಿಸಿ. ನಗರದಿಂದ ನಗರಕ್ಕೆ ನಿಯಮ ಸ್ವಲ್ಪ ಬದಲಾಗುತ್ತದೆ, ಹಳೆಯ ಕೊಳಗಳ ಲೆಕ್ಕವೂ ಬೇರೆ. ಚಾಂಡ್ಲರ್ ನಗರಾಡಳಿತದ ಕಟ್ಟಡ ವಿಭಾಗಕ್ಕೆ ಒಂದು ಫೋನ್ ಮಾಡಿ. ಬಡಾವಣೆಯ ಸಂಘವಿದ್ದರೆ ಅವರ ಒಪ್ಪಿಗೆ ಬರಹದಲ್ಲಿ ಪಡೆಯಿರಿ.

ಮರುಭೂಮಿಯಲ್ಲಿ ಬೇಲಿ ಹಾಕುವುದಕ್ಕೆ ಅದರದೇ ತೊಂದರೆಗಳಿವೆ. 2023ರಲ್ಲಿ ಫೀನಿಕ್ಸ್‌ನಲ್ಲಿ ಸತತ 31 ದಿನ ಬಿಸಿಲು 110 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮ್ಮ ಲೆಕ್ಕದಲ್ಲಿ 43 ಡಿಗ್ರಿ ಮುಟ್ಟಿತ್ತು ಅಥವಾ ದಾಟಿತ್ತು. ಆ ಬಿಸಿಲಿಗೆ ಮರ ಒಣಗಿ ಸೀಳುತ್ತದೆ, ಸಂದು ಹಿಗ್ಗುತ್ತದೆ. ಮರದ ಬೇಲಿ ಬೇಡವೇ ಬೇಡ. ಪೌಡರ್ ಕೋಟಿಂಗ್ ಮಾಡಿದ ಅಲ್ಯೂಮಿನಿಯಂ ಆಗಬಹುದು, ಜಾಲರಿಯದ್ದಾದರೂ ಆಗಬಹುದು. ಲೋಹದ ಬೇಲಿ ನೀರಿಗೆ ಹತ್ತಿರವಿದ್ದರೆ ವಿದ್ಯುತ್ ಸುರಕ್ಷತೆಯ ಜೋಡಣೆ ಬೇಕಾಗುತ್ತದೆ, ಎಲೆಕ್ಟ್ರಿಷಿಯನ್‌ಗೆ ತೋರಿಸಿ. ನಿಮ್ಮ ಮಣ್ಣಿನಲ್ಲಿ ಸ್ವಲ್ಪ ಅಗೆದರೆ ಸುಣ್ಣಗಟ್ಟಿದ ಕಲ್ಲಿನಂಥ ಪದರ ಸಿಗಬಹುದು. ಅದಕ್ಕೆ ಕ್ಯಾಲಿಚೆ ಎನ್ನುತ್ತಾರೆ, ಕಂಬದ ಗುಂಡಿಯ ಖರ್ಚು ಏರುವುದು ಅಲ್ಲೇ. ಅಗೆಯುವ ಮೊದಲು 811ಕ್ಕೆ ಕರೆ ಮಾಡಿದರೆ ನೆಲದಡಿಯ ಗ್ಯಾಸ್, ವಿದ್ಯುತ್ ಲೈನುಗಳನ್ನು ಗುರುತು ಹಾಕಿಕೊಡುತ್ತಾರೆ. ಕೆಲಸದವರಿಗೆ ಪರವಾನಗಿ ಇದೆಯೇ ಎಂದು ರಾಜ್ಯದ ಗುತ್ತಿಗೆದಾರರ ನೋಂದಣಿ ಕಚೇರಿಯಲ್ಲಿ ನೋಡಿಕೊಳ್ಳಿ.

ಎಲ್ಲಕ್ಕಿಂತ ಹೆಚ್ಚು ಕೆಡುವುದು ಗೇಟು. ಚಿಲಕದ ಪ್ಲಾಸ್ಟಿಕ್ ಬಿಸಿಲಿಗೆ ಪೆಡಸಾಗಿ ಬಿರಿಯುತ್ತದೆ, ಸ್ಪ್ರಿಂಗ್ ಸಡಿಲವಾಗುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಾನ್ಸೂನಿನ ಧೂಳಿನ ಗಾಳಿ ಕೀಲಿನಲ್ಲಿ ಮರಳು ತುಂಬುತ್ತದೆ. ಇದಕ್ಕಿಂತಲೂ ದೊಡ್ಡ ತೊಂದರೆ ನಾವೇ. ಲೋಹ ಸುಡುತ್ತದೆಂದು, ಕೈಯಲ್ಲಿ ತಟ್ಟೆ ಇದೆಯೆಂದು ಗೇಟಿಗೆ ಕಲ್ಲು ಒತ್ತು ಕೊಟ್ಟು ತೆರೆದಿಡುತ್ತೇವೆ. ಆ ಕಲ್ಲು ಒಂದು ದಿನವೂ ಇರಬಾರದು. ತಿಂಗಳಿಗೊಮ್ಮೆ ಗೇಟನ್ನು ಪೂರ್ತಿ ತೆರೆದು ಬಿಡಿ, ಆಮೇಲೆ ಒಂದಂಗುಲ ಮಾತ್ರ ತೆರೆದು ಬಿಡಿ. ಎರಡು ಸಲವೂ ‘ಟಕ್’ ಎಂದು ಚಿಲಕ ತಾನೇ ಬೀಳಬೇಕು. ಗಾಳಿ ಬೀಸಿದ ಮಾರನೇ ದಿನ ಬೇಲಿಗೆ ಒರಗಿದ ಕುರ್ಚಿ, ಹೂಕುಂಡಗಳನ್ನು ದೂರ ಸರಿಸಿ, ಮಕ್ಕಳಿಗೆ ಅವೇ ಮೆಟ್ಟಿಲು. ಜಾಲರಿ ಬೇಲಿಯನ್ನು ಬಿಚ್ಚಿಡಬಹುದು ಎಂಬುದು ಅದರ ಅನುಕೂಲವೂ ಹೌದು, ಅಪಾಯವೂ ಹೌದು. ನಿಮ್ಮ ಕಡೆ ಚಳಿಗಾಲದಲ್ಲೂ ಕೊಳದಲ್ಲಿ ನೀರಿರುತ್ತದೆ. ಬೇಲಿಯೂ ಹನ್ನೆರಡು ತಿಂಗಳು ನಿಂತಿರಲಿ. ಯುಗಾದಿ ಊಟಕ್ಕೆ ನಾಲ್ಕು ಮನೆಯವರು ಬಂದ ದಿನ ಇನ್ನೂ ಎಚ್ಚರ ಬೇಕು: ಎಲ್ಲರೂ ಇದ್ದಾರೆ ಎಂದು ಯಾರೂ ನೋಡುವುದಿಲ್ಲ. ಅರ್ಧ ಗಂಟೆಗೊಬ್ಬರಂತೆ ಒಬ್ಬ ದೊಡ್ಡವರನ್ನು ಹೆಸರು ಹೇಳಿ ನೀರಿನ ಕಾವಲಿಗೆ ಕೂರಿಸಿ, ಕೈಯಲ್ಲಿ ಫೋನ್ ಬೇಡ.

ಬೇಲಿ ಬರುವವರೆಗೆ ಏನು ಮಾಡುವುದು? ಗಾಜಿನ ಬಾಗಿಲಿನ ಹಳಿಯಲ್ಲಿ ಒಂದು ಗಟ್ಟಿ ಕೋಲು ಅಡ್ಡ ಇಡಿ, ಬಾಗಿಲು ತೆರೆದರೆ ಕೂಗುವ ಅಲಾರಂ ಹಾಕಿ. ಚೆಂಡು, ಆಟಿಕೆಯ ಬಾತುಕೋಳಿ ಏನಿದ್ದರೂ ನೀರಿನಿಂದ ಇವತ್ತೇ ತೆಗೆಯಿರಿ. ಮಗನನ್ನು ಈಜು ಕಲಿಯಲು ಕಳಿಸಿ, ಆದರೆ ಕಲಿತನೆಂದು ಬೇಲಿ ತೆಗೆಯಬೇಡಿ. ನೀವೂ ಯಜಮಾನರೂ ಸಿಪಿಆರ್ ತರಬೇತಿ ಪಡೆಯಿರಿ. ರೆಡ್ ಕ್ರಾಸ್‌ನವರು ಕಲಿಸುತ್ತಾರೆ. ಮಗು ಕಾಣುತ್ತಿಲ್ಲ ಎಂದರೆ ಮಂಚದಡಿ, ಬೀರು ಹಿಂದೆ ಹುಡುಕುವುದು ಆಮೇಲೆ. ಮೊದಲು ಓಡಬೇಕಾದ್ದು ಕೊಳದ ಹತ್ತಿರ. ಇದನ್ನು ಅತ್ತೆಯವರಿಗೂ ಹೇಳಿಕೊಡಿ, 911 ಒತ್ತುವುದನ್ನೂ ತೋರಿಸಿಕೊಡಿ.

ಇನ್ನು ನಿಮ್ಮ ನಿದ್ದೆ. ಬೇಲಿ ಬಂದ ಮೇಲೆ ನಿಮ್ಮ ಭಯ ಮೆಲ್ಲಗೆ ಇಳಿಯಬೇಕು. ಎರಡು ಮೂರು ವಾರ ಕಳೆದರೂ ರಾತ್ರಿ ಎದ್ದು ಬಾಗಿಲು ಮುಟ್ಟಿ ನೋಡುವುದು ನಿಲ್ಲದಿದ್ದರೆ, ಆ ದೃಶ್ಯ ಮತ್ತೆ ಮತ್ತೆ ಕಣ್ಣಿಗೆ ಬರುತ್ತಿದ್ದರೆ, ಹೆರಿಗೆಯ ನಂತರದ ಆತಂಕ ಇದರ ಜೊತೆ ಸೇರಿರಬಹುದು. ಅದು ಬಹಳ ತಾಯಂದಿರಿಗೆ ಬರುತ್ತದೆ, ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ. ಅಷ್ಟು ಕಾಯಲಾರೆ ಅನಿಸಿದರೆ ಈಗಲೇ ನಿಮ್ಮ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಅಮೆರಿಕದಲ್ಲಿ ಗರ್ಭಿಣಿಯರಿಗೂ ಬಾಣಂತಿಯರಿಗೂ 1-833-852-6262 ಸಂಖ್ಯೆಯ ಉಚಿತ ಸಹಾಯವಾಣಿ ಇದೆ, ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ನಮ್ಮಲ್ಲಿ ಇಂಥದೇ ಆತಂಕದಲ್ಲಿರುವವರು ಟೆಲಿ ಮಾನಸ್ ಸಹಾಯವಾಣಿಯ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಈ ಪತ್ರ ಓದಿ ‘ನಮಗೆಲ್ಲಿಯ ಈಜುಕೊಳ’ ಎಂದುಕೊಂಡವರಿಗೆ ಒಂದು ಮಾತು. ಬೆಂಗಳೂರಿನ ಮನೆಯ ಸಂಪು, ಬಯಲುಸೀಮೆಯ ಹೊಲದಲ್ಲಿ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ, ಇವೂ ಕೊಳಗಳೇ. ಹೊಂಡದ ಆ ಹಾಳೆಯ ಮೇಲೆ ಜಾರಿದರೆ ದೊಡ್ಡವರಿಗೂ ಹತ್ತಿ ಬರುವುದು ಕಷ್ಟ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ, ರಜೆಗೆ ಮೊಮ್ಮಕ್ಕಳು ಬರುವವರಿದ್ದರೆ, ಸಂಪಿನ ಮುಚ್ಚಳಕ್ಕೆ ಬೀಗ ಹಾಕಿ, ಹೊಂಡಕ್ಕೆ ತಂತಿಬೇಲಿ ಹಾಕಿಸಿ.