ಜೋಪಡಿಯ ಮಗುವಿಗೂ ಶಾಲೆಯ ಹಕ್ಕುಂಟು



ನಮ್ಮ ಪ್ರಭು ಹುಟ್ಟಿದಾಗ ಛತ್ರದಲ್ಲಿ ಸ್ಥಳವಿರಲಿಲ್ಲ. ಮುಂದೆ ಹೆರೋದನ ಭಯದಿಂದ ಮಾತೆ ಮರಿಯಮ್ಮನವರೂ ಸಂತ ಜೋಸೆಫರೂ ಶಿಶುವನ್ನು ಎತ್ತಿಕೊಂಡು ಈಜಿಪ್ಟಿಗೆ ಹೋದರು. ಪವಿತ್ರ ಕುಟುಂಬವೂ ಮನೆಯಿಲ್ಲದ ದಿನಗಳನ್ನು ಕಂಡಿತ್ತು.

ಹುಡಗಿ, ಹುಮನಾಬಾದ್, ಬಸವಕಲ್ಯಾಣದ ಸೀಮೆಯಲ್ಲಿ ಇಂಥ ಕುಟುಂಬಗಳು ಹೊಸದಲ್ಲ. ಬೀದರ್ ಜಿಲ್ಲೆಯ ಎಷ್ಟೋ ಜನ ಹೈದರಾಬಾದ್, ಪುಣೆ, ಮುಂಬಯಿಗೆ ಗುಳೆ ಹೋಗುತ್ತಾರೆ. ಅಲ್ಲಿ ತಗಡಿನ ಶೆಡ್ಡೇ ಮನೆ. ಕಬ್ಬಿನ ಹಂಗಾಮಿನಲ್ಲಿ ಕಡಿಯುವವರು ಹೊಲದಂಚಿನಲ್ಲಿ ಜೋಪಡಿ ಹಾಕುತ್ತಾರೆ. ದೊಡ್ಡವರು ಕೂಲಿಗೆ ಹೋದರೆ ಎಂಟು ವರ್ಷದ ಅಕ್ಕ ತಮ್ಮನನ್ನು ಕಾಯುತ್ತಾಳೆ. ಶಾಲೆಯ ಮಾತೆತ್ತಿದರೆ, “ಟಿ.ಸಿ. ಇಲ್ರಿ, ಯಾರು ತಗೋತಾರ?” ಎನ್ನುತ್ತಾಳೆ ತಾಯಿ.

ಆ ತಾಯಿಗೆ ನಾವು ಹೇಳಬೇಕಾದ ಉತ್ತರವಿದೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯು 6ರಿಂದ 14 ವರ್ಷದ ಪ್ರತಿ ಮಗುವಿಗೂ ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟಿದೆ. ನಾಲ್ಕು ಅಂಶಗಳನ್ನು ನೆನಪಿಡಿ:

1. ಟಿ.ಸಿ. ತಡವಾಯಿತೆಂದು ಸರ್ಕಾರಿ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ಹಿಂದಿನ ಶಾಲೆ ಅದನ್ನು ಕೂಡಲೇ ಕೊಡಬೇಕು.
2. ಜನನ ಪ್ರಮಾಣಪತ್ರವಿಲ್ಲವೆಂದು ಮಗುವನ್ನು ಹಿಂದಕ್ಕೆ ಕಳುಹಿಸುವಂತಿಲ್ಲ.
3. ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು. ಓದು ಬಿಟ್ಟಿದ್ದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕು.
4. ವಲಸೆ ಕುಟುಂಬದ ಮಕ್ಕಳನ್ನು ಶಾಲೆಗೆ ಸೇರಿಸುವುದು ಸ್ಥಳೀಯ ಆಡಳಿತದ ಕರ್ತವ್ಯ.

ಶಿಕ್ಷಣವು ಪ್ರತಿಯೊಬ್ಬರ ಹಕ್ಕೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯೂ 1965ರಲ್ಲಿ ಸಾರಿತು. ಆದರೆ ಹಕ್ಕು ಕಾಗದದಲ್ಲಿದ್ದರೆ ಸಾಲದು. ಊರು ಹೊಸದು, ಭಾಷೆ ಬೇರೆ, ಒಂದು ದಿನದ ಕೂಲಿ ಬಿಟ್ಟರೆ ಒಲೆ ಉರಿಯದು. ಅಂಥ ತಾಯಿ ಒಬ್ಬಳೇ ಮುಖ್ಯೋಪಾಧ್ಯಾಯರ ಕೋಣೆಗೆ ಹೋಗಲು ಹೆದರುತ್ತಾಳೆ. ಅವಳಿಗೆ ಬೇಕಾದದ್ದು ಜೊತೆಗೆ ನಡೆಯುವ ಒಬ್ಬರು. ಆ ಒಬ್ಬರು ನೀವಾಗಬಹುದು. ಶಾಲೆ ಒಪ್ಪದಿದ್ದರೆ ಶಾಲಾಭಿವೃದ್ಧಿ ಸಮಿತಿಗೆ, ಬಳಿಕ ಕ್ಷೇತ್ರ ಶಿಕ್ಷಣಾಧಿಕಾರಿಗೆ ಲಿಖಿತ ಅರ್ಜಿ ಕೊಡಿಸಿರಿ. ನಿಮ್ಮ ನೆರೆಯವರೇ ಗುಳೆ ಹೊರಟರೆ, ಗಂಟುಮೂಟೆ ಕಟ್ಟುವ ಮೊದಲೇ ಮಗುವಿನ ಟಿ.ಸಿ. ಪಡೆಯಲು ನೆನಪಿಸಿರಿ.

ಪರದೇಶಿಯನ್ನು ಬರಮಾಡಿಕೊಂಡವರು ತನ್ನನ್ನೇ ಬರಮಾಡಿಕೊಂಡರೆಂದು ಪ್ರಭು ಕಲಿಸಿದ್ದಾರೆ. ಆ ಮಾತು ಬಲಿಪೂಜೆಯಲ್ಲಿ ಕೇಳಿ ಅಲ್ಲಿಯೇ ಬಿಟ್ಟುಬರುವಂಥದಲ್ಲ.

ಮನೆಯಲ್ಲಿ ಚಿಂತಿಸಲು: ನಮ್ಮ ದಾರಿಯಲ್ಲಿ ಎಷ್ಟು ಜೋಪಡಿಗಳಿವೆ? ಅಲ್ಲಿನ ಒಂದು ಮಗುವಿನ ಹೆಸರಾದರೂ ನಮಗೆ ಗೊತ್ತೇ? ಈ ವಾರ ಆ ಮಗುವಿನ ಜೊತೆ ಶಾಲೆಗೆ ಯಾರು ಹೋಗುತ್ತೀರಿ?