ಮೂರೂವರೆ ಕೋಟಿಯ ಬೋರ್ಡು, 2.7 ಕೋಟಿಯ ಮನೆ

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ‘ಮನೆ ಮಾರಾಟಕ್ಕಿದೆ’ ಎಂಬ ಬೋರ್ಡು ವರ್ಷಗಟ್ಟಲೆ ಗೇಟಿನ ಮೇಲೆ ಉಳಿಯುವುದನ್ನು ನೀವೂ ನೋಡಿರುತ್ತೀರಿ. ಜಾಗ ಚೆನ್ನಾಗಿದೆ, ಮೆಟ್ರೋ ಹತ್ತಿರ, ಪತ್ರಗಳಲ್ಲಿ ತಕರಾರಿಲ್ಲ. ಆದರೂ ಮನೆ ಹೋಗುವುದಿಲ್ಲ. ಜನ ಮಾರುಕಟ್ಟೆ ಬಿದ್ದಿದೆ ಎನ್ನುತ್ತಾರೆ, ವಾಸ್ತು ಸರಿಯಿಲ್ಲ ಎನ್ನುತ್ತಾರೆ. ನಮ್ಮ ತಂದೆಯ ರಾಜಾಜಿನಗರದ ಮನೆ ಮಾರಲು ಓಡಾಡಿದ ಮೇಲೆ ನನಗೆ ಖಚಿತವಾಗಿರುವುದು ಇಷ್ಟು: ಇಂಥ ಮನೆಗಳನ್ನು ತಡೆದು ನಿಲ್ಲಿಸುವುದು ಬಹುಪಾಲು ಬೆಲೆಯೇ.

ಆ ಬೆಲೆ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ನೋಡಬೇಕು. ನಮ್ಮದು 30×40 ಸೈಟು, ಅಪ್ಪ ಕಟ್ಟಿಸಿದ ನೆಲಮಹಡಿ, ಆಮೇಲೆ ಎಬ್ಬಿಸಿದ ಮೊದಲ ಮಹಡಿ. ಅಮ್ಮ ಹೋದ ಮೇಲೆ ಮನೆ ನಮ್ಮ ಮೂವರ ಪಾಲಿಗೆ ಬಂತು. ಅಕ್ಕನಿಗೆ ಮೈಸೂರಿನಲ್ಲಿ ಮಗನಿಗೊಂದು ಮನೆ ಮಾಡಿಕೊಡುವ ಆಸೆ. ಪುಣೆಯಲ್ಲಿರುವ ತಮ್ಮನಿಗೆ ತನ್ನ ಫ್ಲ್ಯಾಟಿನ ಸಾಲ ತೀರಿಸುವ ಆತುರ. ತಲೆಗೆ ಒಂದು ಕೋಟಿ ಹದಿನೈದು ಲಕ್ಷ ಬಂದರೆ ಎಲ್ಲರ ಕೆಲಸವೂ ಆಗುತ್ತದೆ ಎಂಬ ಮಾತು ಬಂತು. ಅದನ್ನು ಮೂರರಿಂದ ಗುಣಿಸಿ, ಬ್ರೋಕರ್ ಕಮಿಷನ್ ಸೇರಿಸಿದಾಗ ಮೂರೂವರೆ ಕೋಟಿ ಆಯಿತು. ಮನೆಯ ಬೆಲೆ ನಿಗದಿಯಾದದ್ದು ನಮ್ಮ ಅಗತ್ಯಗಳನ್ನು ಕೂಡಿಸಿ. ಎಷ್ಟೋ ಕುಟುಂಬಗಳಲ್ಲಿ ನಡೆಯುವುದೂ ಹೀಗೆಯೇ.

ಇದಕ್ಕೆ ಇನ್ನೆರಡು ಬಲ ಸೇರಿಕೊಳ್ಳುತ್ತವೆ. ಒಂದು, ಬೀದಿಯ ಮಾತು. ಮೂಲೆಮನೆ ಇಷ್ಟು ಕೋಟಿಗೆ ಹೋಯಿತಂತೆ ಎನ್ನುತ್ತಾರೆ. ಆ ಮೂಲೆಯ ಸೈಟನ್ನು ಬಿಲ್ಡರ್ ಒಬ್ಬರು ಪಕ್ಕದ ಸೈಟಿನ ಜೊತೆ ಸೇರಿಸಿ ಕೊಂಡಿರುತ್ತಾರೆ. ಎರಡು ಸೈಟು ಕೂಡಿದಾಗ ಕಟ್ಟಬಹುದಾದ ಕಟ್ಟಡವೇ ಬೇರೆ, ಅದರ ದರವೂ ಬೇರೆ. ನಡುವಿನ ಒಂಟಿ 30×40ಕ್ಕೆ ಆ ದರ ಹೊಂದುವುದಿಲ್ಲ. ಇನ್ನೊಂದು, ಬ್ರೋಕರುಗಳ ಪೈಪೋಟಿ. ಮನೆ ತಮ್ಮ ಕೈಗೆ ಬರಲಿ ಎಂದು ಒಬ್ಬರಿಗಿಂತ ಒಬ್ಬರು ಹೆಚ್ಚು ಹೇಳುತ್ತಾರೆ. ಹೇಳಿದ ಬೆಲೆಗೆ ಗಿರಾಕಿಯನ್ನು ತರುವ ಹೊಣೆ ಮಾತ್ರ ಯಾರದ್ದೂ ಅಲ್ಲ.

ಈಗ ಕೊಳ್ಳುವವರ ಜಾಗದಲ್ಲಿ ಕೂತು ನೋಡಿ. ಮೂರು ಕೋಟಿಯ ಆಚೀಚಿನ ಮನೆಗೆ ಬರುವವರಲ್ಲಿ ಹೆಚ್ಚಿನವರು ಗಂಡ ಹೆಂಡತಿ ಇಬ್ಬರೂ ದುಡಿಯುವ, ಬ್ಯಾಂಕ್ ಸಾಲ ನಂಬಿದವರು. ಬ್ಯಾಂಕ್ ನಮ್ಮ ಬೋರ್ಡು ನೋಡಿ ಸಾಲ ಕೊಡುವುದಿಲ್ಲ, ತನ್ನ ವ್ಯಾಲ್ಯುಯರನ್ನು ಕಳಿಸುತ್ತದೆ. ಅವರು ಜಾಗಕ್ಕೆ ಒಂದು ದರ ಹಿಡಿಯುತ್ತಾರೆ, ಹಳೆಯ ಕಟ್ಟಡಕ್ಕೆ ವಯಸ್ಸಿನಷ್ಟು ಸವಕಳಿ ಕಳೆಯುತ್ತಾರೆ. ಅಪ್ಪ ಮುತುವರ್ಜಿಯಿಂದ ಹಾಕಿಸಿದ ತೇಗದ ಬಾಗಿಲು, ಕೆಂಪು ನೆಲ ಆ ಲೆಕ್ಕದಲ್ಲಿ ದೊಡ್ಡ ಮೊತ್ತವಾಗುವುದಿಲ್ಲ. ನಮ್ಮ ಮನೆಗೆ ಬಂದ ಅಂದಾಜು 2.6 ಕೋಟಿ.

75 ಲಕ್ಷ ಮೀರಿದ ಗೃಹಸಾಲದಲ್ಲಿ ಬ್ಯಾಂಕುಗಳು ಮನೆಯ ಮೌಲ್ಯದ ಶೇ 75ಕ್ಕಿಂತ ಹೆಚ್ಚು ಕೊಡಬಾರದೆಂದು ರಿಸರ್ವ್ ಬ್ಯಾಂಕ್ ನಿಯಮವಿದೆ. ಅಂದರೆ ಸಿಗುವ ಸಾಲ ಹೆಚ್ಚೆಂದರೆ 1.95 ಕೋಟಿ. ಮುದ್ರಾಂಕ ಶುಲ್ಕ, ನೋಂದಣಿ ಖರ್ಚು ಆ ಮೌಲ್ಯದಲ್ಲಿ ಸೇರುವುದಿಲ್ಲ. ಕರ್ನಾಟಕದಲ್ಲಿ 2025ರ ಆಗಸ್ಟ್ ಕೊನೆಯಲ್ಲಿ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿದ ಮೇಲೆ, ಮುದ್ರಾಂಕ, ಸೆಸ್ ಎಲ್ಲ ಸೇರಿ ನಗರದಲ್ಲಿ ಇದು ಶೇ 7.6 ಆಗುತ್ತದೆ. ಮೂರೂವರೆ ಕೋಟಿಗೆ ಸುಮಾರು 26.6 ಲಕ್ಷ. ಹಾಗಾಗಿ ನಮ್ಮ ಬೆಲೆಗೆ ಮನೆ ಕೊಳ್ಳಲು ಆ ದಂಪತಿ ಕೈಯಿಂದ ಹಾಕಬೇಕಾದ ಹಣ 1.81 ಕೋಟಿಗೂ ಮೇಲೆ. ಅದೇ ಮನೆಗೆ 2.7 ಕೋಟಿ ಹೇಳಿದರೆ ಕೈಯಿಂದ ಬೇಕಾಗುವುದು ಸುಮಾರು 95.5 ಲಕ್ಷ.

ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ನಾವು ಬೆಲೆ ಏರಿಸಿದ್ದು ಶೇ 30ರಷ್ಟು, ಕೊಳ್ಳುವವರ ಕೈಗಂಟು ಹೆಚ್ಚುಕಡಿಮೆ ಇಮ್ಮಡಿಯಾಯಿತು. ಸಾಲದ ಕಂತು ಬೇರೆ ಇದೆ. ಶೇ 8.5ರ ಬಡ್ಡಿಯಲ್ಲಿ ಇಪ್ಪತ್ತು ವರ್ಷಕ್ಕೆ ತಿಂಗಳಿಗೆ ಸುಮಾರು 1.69 ಲಕ್ಷ. ಇಷ್ಟು ಕಂತು ಕಟ್ಟಬಲ್ಲವರು ಬೆಂಗಳೂರಿನಲ್ಲಿದ್ದಾರೆ. ಅದರ ಜೊತೆಗೆ ಒಂದು ಮುಕ್ಕಾಲು ಕೋಟಿಗೂ ಮೇಲೆ ರೊಕ್ಕ ಜೋಡಿಸಬಲ್ಲವರು ತೀರಾ ಕಡಿಮೆ. ಅಂಥವರಿಗೆ ಕಾರು ನಿಲ್ಲಿಸಲು ಜಾಗವಿಲ್ಲದ ಹಳೆಯ ಮನೆಯೇ ಬೇಕೆಂದಿಲ್ಲ.

ಉಳಿದ ಹಣ ಕ್ಯಾಷಿನಲ್ಲಿ ತೆಗೆದುಕೊಳ್ಳಿ ಎನ್ನುವವರು ಬರುತ್ತಾರೆ. ಒಪ್ಪಬೇಡಿ. ಸ್ಥಿರಾಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದರೆ, ಪಡೆದಷ್ಟೇ ಮೊತ್ತದ ದಂಡ ಬೀಳಬಹುದು.

ಬೆಲೆ ಹೆಚ್ಚಿದ್ದರೇನು, ಕಾಯೋಣ ಎನ್ನುವವರಿಗೆ ಇನ್ನೊಂದು ಲೆಕ್ಕ. 2.7 ಕೋಟಿಗೆ ಮಾರಿ, ತೆರಿಗೆ, ಖರ್ಚು ಕಳೆದು 2.4 ಕೋಟಿ ಕೈಗೆ ಬಂತೆನ್ನಿ. ಶೇ 7ರ ಠೇವಣಿಯಲ್ಲಿ ಅದಕ್ಕೆ ವರ್ಷಕ್ಕೆ 16.8 ಲಕ್ಷ ಬಡ್ಡಿ. ಬಡ್ಡಿಗೆ ಬಡ್ಡಿ ಸೇರಿ ನಾಲ್ಕು ವರ್ಷಕ್ಕೆ 75 ಲಕ್ಷದ ಹತ್ತಿರ. ನಾವು ಹಟ ಹಿಡಿದಿದ್ದು 80 ಲಕ್ಷಕ್ಕೆ. ಈ ನಡುವೆ ಖಾಲಿ ಮನೆಗೆ ಆಸ್ತಿ ತೆರಿಗೆ ತಪ್ಪುವುದಿಲ್ಲ, ಗೆದ್ದಲು ಕಾಯುವುದಿಲ್ಲ, ಸೋರುವ ತಾರಸಿ ನಿಲ್ಲುವುದಿಲ್ಲ. ಬೋರ್ಡು ಹಳತಾದಷ್ಟೂ ‘ಪತ್ರದಲ್ಲಿ ಏನೋ ಇರಬೇಕು, ಅಣ್ಣತಮ್ಮಂದಿರ ಕೋರ್ಟು ಕೇಸಿರಬೇಕು’ ಎಂಬ ಅನುಮಾನ ಬೀದಿಯಲ್ಲಿ ಬೆಳೆಯುತ್ತದೆ. ಮೊದಲ ತಿಂಗಳುಗಳಲ್ಲಿ ಬಂದ ಒಳ್ಳೆಯ ಗಿರಾಕಿ ಅಷ್ಟರಲ್ಲಿ ಬೇರೆ ಕಡೆ ಗೃಹಪ್ರವೇಶ ಮಾಡಿರುತ್ತಾರೆ.

ಬೆಂಗಳೂರಿನಲ್ಲಿ ಜಾಗದ ಬೆಲೆ ಏರುತ್ತಲೇ ಇರುತ್ತದಲ್ಲ ಎಂದು ನನ್ನ ತಮ್ಮನೂ ಕೇಳಿದ. ಏರಬಹುದು. ಹಾಗೆ ನಂಬಿದರೆ ಅದು ಹೂಡಿಕೆಯ ನಿರ್ಧಾರ. ಮನೆ ಸರಿಮಾಡಿಸಿ, ಬಾಡಿಗೆಗೆ ಕೊಟ್ಟು, ಮೂವರೂ ಒಪ್ಪಿ ಇಟ್ಟುಕೊಳ್ಳಬೇಕು. ಮಾರಾಟಕ್ಕಿಟ್ಟು, ಬಾಡಿಗೆಗೂ ಕೊಡದೆ ಬೀಗ ಹಾಕಿದರೆ ಎರಡೂ ಕಡೆಯ ಲಾಭ ತಪ್ಪುತ್ತದೆ.

ಸರಿಯಾದ ಬೆಲೆ ತಿಳಿಯುವ ದಾರಿ ಇದೆ. ಸರ್ಕಾರದ ಮಾರ್ಗಸೂಚಿ ದರವನ್ನು ಕಾವೇರಿ ಜಾಲತಾಣದಲ್ಲಿ ನೋಡಿ. ಇದನ್ನು ಮಾರುಕಟ್ಟೆಯ ಬೆಲೆ ಎಂದುಕೊಳ್ಳಬೇಡಿ, ತಳ ಎಂದುಕೊಳ್ಳಿ. ಅದು ಮಾರಿದ ಬೆಲೆಗಿಂತ ಶೇ 10ಕ್ಕೂ ಮೀರಿ ಹೆಚ್ಚಿದ್ದರೆ ತೆರಿಗೆಯನ್ನು ಮಾರ್ಗಸೂಚಿ ದರದ ಮೇಲೆಯೇ ಲೆಕ್ಕ ಹಾಕುತ್ತಾರೆ. ಆಮೇಲೆ ಬ್ಯಾಂಕುಗಳಿಗೆ ಕೆಲಸ ಮಾಡುವ ವ್ಯಾಲ್ಯುಯರ್ ಒಬ್ಬರಿಗೆ ಶುಲ್ಕ ಕೊಟ್ಟು ವರದಿ ಪಡೆಯಿರಿ. ಇ-ಖಾತಾ, ಇಸಿ, ವಂಶವೃಕ್ಷ ಮೊದಲೇ ಸಿದ್ಧವಿರಲಿ.

ತೆರಿಗೆಯನ್ನೂ ಮುಂಚೆಯೇ ಲೆಕ್ಕ ಹಾಕಿಸಿ. 2001ರ ಏಪ್ರಿಲ್‌ಗೂ ಮುಂಚಿನ ಪಿತ್ರಾರ್ಜಿತ ಮನೆಗೆ ಆ ವರ್ಷದ ಏಪ್ರಿಲ್ 1ರ ಮೌಲ್ಯವನ್ನೇ ಮೂಲ ಬೆಲೆಯಾಗಿ ಹಿಡಿಯಬಹುದು. 2024ರ ಜುಲೈ 23ಕ್ಕಿಂತ ಮೊದಲೇ ಬಂದ ಆಸ್ತಿಯಾದರೆ, ಭಾರತದಲ್ಲಿ ವಾಸಿಸುವವರಿಗೆ ಹಣದುಬ್ಬರದ ಹೊಂದಾಣಿಕೆಯೊಂದಿಗೆ ಶೇ 20 ಅಥವಾ ಹೊಂದಾಣಿಕೆಯಿಲ್ಲದೆ ಶೇ 12.5, ಯಾವುದು ಕಡಿಮೆಯೋ ಅದು ಅನ್ವಯ. ಪ್ರತಿ ವಾರಸುದಾರರ ಪಾಲೂ ಬೇರೆಯಾದ್ದರಿಂದ, ಎರಡು ವರ್ಷದೊಳಗೆ ಬೇರೆ ಮನೆ ಕೊಳ್ಳುವವರು ತಮ್ಮ ಪಾಲಿನ ಲಾಭಕ್ಕೆ ವಿನಾಯಿತಿ ಕೇಳಬಹುದು. ಅಕ್ಕನ ಮೈಸೂರು ಮನೆಗೆ ಇದರಿಂದಲೇ ಹಣ ಹೊಂದಿತು. ಹಾಗಾಗಿ ಬೆಲೆಗಳನ್ನು ಹೋಲಿಸುವಾಗ ನೋಡಬೇಕಾದದ್ದು ತೆರಿಗೆ ಕಳೆದು ಕೈಗೆ ಬರುವ ಮೊತ್ತವನ್ನು.

ವ್ಯಾಲ್ಯುಯರ್ ವರದಿ, ತೆರಿಗೆ ಲೆಕ್ಕ ಎರಡನ್ನೂ ಮುಂದಿಟ್ಟುಕೊಂಡು ನಾವು ಮೂವರು ಕೂತಾಗ ವಾದ ಹೆಚ್ಚು ಬೆಳೆಯಲಿಲ್ಲ. ಹೇಳುವ ಬೆಲೆ, ಇಳಿಯಬಹುದಾದ ಕೊನೆಯ ಬೆಲೆ, ಮಾತಾಡುವ ಒಬ್ಬ ವ್ಯಕ್ತಿ, ಇಷ್ಟನ್ನು ಕಾಗದದ ಮೇಲೆ ಬರೆದುಕೊಂಡೆವು. ಎಲ್ಲ ಬ್ರೋಕರುಗಳಿಗೂ ಒಂದೇ ಅಂಕಿ ಹೇಳಿದೆವು. ಮನೆ 2.7 ಕೋಟಿಗೆ, ಪೂರ್ತಿ ಬ್ಯಾಂಕ್ ಮೂಲಕವೇ ಹೋಯಿತು.

ನಿಮ್ಮ ಮನೆಯ ವಿಚಾರದಲ್ಲೂ ಬೋರ್ಡು ಹಾಕುವ ಮುಂಚೆ ಅಣ್ಣತಮ್ಮಂದಿರು, ಅಕ್ಕತಂಗಿಯರು ಒಟ್ಟಿಗೆ ಕೂತು ಈ ಲೆಕ್ಕ ಮಾಡಿ. ಮಾರಲೇಬೇಕಿದ್ದರೆ ಕೊಳ್ಳುವವರಿಗೆ ಸಾಲ ಸಿಗುವ ಬೆಲೆ ಹೇಳಿ. ಮನಸ್ಸು ಒಪ್ಪದಿದ್ದರೆ ಬಾಡಿಗೆಗೆ ಕೊಟ್ಟು ಉಳಿಸಿಕೊಳ್ಳಿ. ಬೀಗ ಹಾಕಿ ಕಾಯುವುದು ಮಾತ್ರ ಬೇಡ.