ಒಪ್ಪುವ ಮೊದಲು ಅಳೆದು ನೋಡು

ಮಗಳೇ,

ಆರ್ಕಿಟೆಕ್ಚರ್ ಮುಗಿಸಿ ಊರಿಗೆ ಬಂದು ಮಂಗಳೂರಿನ ಕೊಡಿಯಾಲ್‌ಬೈಲಿನಲ್ಲೇ ಕಚೇರಿ ತೆರೆದಿದ್ದೀ ಎಂದು ತಿಳಿದು ತುಂಬಾ ಸಂತೋಷವಾಯಿತು. ಅಂಗವಿಕಲರಿಗೆ ಅನುಕೂಲವಾಗುವ ಕಟ್ಟಡ ನಿಯಮಗಳನ್ನು ತಿದ್ದಿ ಬರೆಯುವ ಕೆಲಸದಲ್ಲಿ ನಿನಗೆ ಆಸಕ್ತಿ ಉಂಟೆಂದೂ ನಿನ್ನ ಅಮ್ಮ ಹೇಳಿದಳು. ಜಿಲ್ಲಾ ಸಮಿತಿಯ ಸಭೆ ಇರಬಹುದು, ಪಾಲಿಕೆಯ ಉಪವಿಧಿಗಳ ಚರ್ಚೆ ಇರಬಹುದು, ಭಾರತೀಯ ಮಾನಕ ಬ್ಯೂರೋದ ಕರಡಿಗೆ ಅಭಿಪ್ರಾಯ ಬರೆಯುವುದಿರಬಹುದು, ಇವತ್ತಲ್ಲ ನಾಳೆ ಅಂಥ ಮೇಜಿನ ಮುಂದೆ ನೀನು ಕೂರಬೇಕಾದೀತು. ಅಲ್ಲಿ ಬಿಲ್ಡರ್ ಇರುತ್ತಾರೆ, ಸರ್ಕಾರಿ ಇಂಜಿನಿಯರ್ ಇರುತ್ತಾರೆ, ಗಾಲಿಕುರ್ಚಿಯವರು ಇರುತ್ತಾರೆ, ಬಿಳಿಕೋಲಿನವರು ಇರುತ್ತಾರೆ. ಎಲ್ಲರೂ ಸೇರಿ ಒಂದು ಸಾಲಿಗೆ ಒಪ್ಪಬೇಕು. ಕಟ್ಟಡ ಕೆಲಸದಲ್ಲೇ ತಲೆ ಬೆಳ್ಳಗಾದವನು ನಾನು. ಈ ಒಪ್ಪುವ ಕೆಲಸದ ಬಗ್ಗೆ ನಿನ್ನ ಕಿವಿಯಲ್ಲಿ ಕೆಲವು ಮಾತು ಹಾಕಬೇಕೆನಿಸಿತು.

ಈ ಕೆಲಸಕ್ಕೆ ಈಗ ಇಷ್ಟು ತುರ್ತು ಯಾಕೆ ಬಂತು ಎಂಬುದನ್ನು ಮೊದಲು ಮನಸ್ಸಿನಲ್ಲಿಟ್ಟುಕೋ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿ ಯಾವ ಅಸ್ಪಷ್ಟತೆಯೂ ಇಲ್ಲ. ಮಾನದಂಡ ರೂಪಿಸುವುದು ಕೇಂದ್ರ ಸರ್ಕಾರದ ಹೊಣೆ ಎಂದು 40ನೇ ಕಲಂ ಹೇಳುತ್ತದೆ. ಆ ಮಾನದಂಡ ಪಾಲಿಸದ ನಕ್ಷೆಗೆ ಅನುಮತಿ ಕೊಡುವ ಹಾಗಿಲ್ಲ, ಕಟ್ಟಿ ಮುಗಿಸಿದರೂ ಪೂರ್ಣತಾ ಪ್ರಮಾಣಪತ್ರ ಕೊಡುವ ಹಾಗಿಲ್ಲ ಎನ್ನುತ್ತದೆ 44ನೇ ಕಲಂ. ಹಳೆಯ ಸಾರ್ವಜನಿಕ ಕಟ್ಟಡಗಳಿಗೆ 45ನೇ ಕಲಂ ಐದು ವರ್ಷದ ಗಡುವು ಕೊಟ್ಟಿತ್ತು; ಅದು ಎಂದೋ ಮುಗಿದುಹೋಯಿತು. ಕಾಯ್ದೆ ಇಷ್ಟು ಗಟ್ಟಿಯಾಗಿದ್ದರೂ ಅದರಡಿ 2017ರಲ್ಲಿ ಬಂದ ನಿಯಮಾವಳಿಯ 15ನೇ ನಿಯಮ ಕೈತೋರಿಸಿದ್ದು ಮಾರ್ಗಸೂಚಿಗಳ ಕಡೆಗೆ. ಮಾರ್ಗಸೂಚಿ ಎಂದರೆ ಪಾಲಿಸಿದರೆ ಪಾಲಿಸಿದೆವು, ಬಿಟ್ಟರೆ ಬಿಟ್ಟೆವು.

ದೃಷ್ಟಿದೋಷವುಳ್ಳ ರಾಜೀವ್ ರತೂರಿ ಎಂಬವರು 2005ರಲ್ಲಿ ಹಾಕಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯೊಂದಿತ್ತು. ಅದರಲ್ಲಿ 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟು, ಕಾಯ್ದೆ ಕಡ್ಡಾಯ ಎಂದದ್ದನ್ನು ನಿಯಮಾವಳಿ ಬರೀ ಸಲಹೆಯ ಮಟ್ಟಕ್ಕೆ ಇಳಿಸುವಂತಿಲ್ಲ ಎಂದು 15ನೇ ನಿಯಮದ ಮೊದಲ ಉಪನಿಯಮವನ್ನು ಕಾಯ್ದೆಗೆ ವಿರುದ್ಧವೆಂದು ಸಾರಿತು. ಹೈದರಾಬಾದಿನ ನಲ್ಸಾರ್ ಕಾನೂನು ವಿಶ್ವವಿದ್ಯಾಲಯದ ಅಂಗವೈಕಲ್ಯ ಅಧ್ಯಯನ ಕೇಂದ್ರವನ್ನೂ ಸಂಬಂಧಪಟ್ಟ ಎಲ್ಲರನ್ನೂ ಜೊತೆಗಿಟ್ಟುಕೊಂಡು ಮೂರು ತಿಂಗಳೊಳಗೆ ಕಡ್ಡಾಯ ನಿಯಮಗಳನ್ನು ರೂಪಿಸಿ ಎಂದು ಕೇಂದ್ರಕ್ಕೆ ಹೇಳಿತು. ಆ ತೀರ್ಪನ್ನು ಪೂರ್ತಿ ಓದು, ಸಾರಾಂಶ ಸಾಲದು. ಯಾರೂ ತಗ್ಗಿಸಬಾರದ ಕನಿಷ್ಠ ಬೇರೆ, ಹಂತಹಂತವಾಗಿ ಏರಿ ತಲುಪಬೇಕಾದ ಮಾರ್ಗಸೂಚಿ ಬೇರೆ ಎಂದು ಕೋರ್ಟು ಗೆರೆ ಎಳೆದಿದೆ.

ನಾನು ನಿನಗೆ ಹೇಳಬೇಕಾದ್ದೂ ಆ ಗೆರೆಯ ಬಗ್ಗೆಯೇ. ಸಹಮತ ಹುಡುಕಬೇಕಾದ್ದು ಆ ಕನಿಷ್ಠವನ್ನು ಹೇಗೆ ಮುಟ್ಟುವುದು ಎಂಬುದಕ್ಕೆ. ಮುಟ್ಟಬೇಕೋ ಬೇಡವೋ ಎಂಬುದನ್ನು ಮೇಜಿನ ಮೇಲೆ ಇಡಲಿಕ್ಕೇ ಬಿಡಬೇಡ. ಸಭೆಯಲ್ಲಿ ಯಾರಾದರೂ ಮೆಲ್ಲಗೆ “ಸಾಧ್ಯವಿರುವ ಕಡೆ” ಎಂಬ ಎರಡು ಪದ ಸೇರಿಸೋಣ ಎನ್ನುತ್ತಾರೆ. ಕೇಳಲು ಎಷ್ಟು ಸಭ್ಯವಾಗಿರುತ್ತದೆ ಎಂದರೆ ಬೇಡ ಎನ್ನಲು ನಿನಗೇ ನಾಚಿಕೆಯಾದೀತು. ನಾಚಬೇಡ. ಆ ಎರಡು ಪದ ಸೇರಿದ ದಿನವೇ ಆ ಸಾಲು ಸತ್ತ ಹಾಗೆ.

ಸಹಮತವೆಂದರೆ ಎಲ್ಲರೂ ಕೈ ಎತ್ತುವುದು ಎಂದೂ ತಿಳಿಯಬೇಡ. ಮಾನಕಗಳನ್ನು ಬರೆಯುವ ಅಂತರರಾಷ್ಟ್ರೀಯ ಸಂಸ್ಥೆಗಳು ಅದನ್ನು ಬಹಳ ಎಚ್ಚರದಿಂದ ವಿವರಿಸಿಕೊಂಡಿವೆ: ಮುಖ್ಯ ಪಕ್ಷಗಳಲ್ಲಿ ಯಾರೂ ತಿರುಳಿನ ವಿಷಯದಲ್ಲಿ ಪಟ್ಟುಹಿಡಿದು ವಿರೋಧಿಸುತ್ತಿರಬಾರದು, ಎಲ್ಲರ ಮಾತನ್ನೂ ಕೇಳಿ ಭಿನ್ನಾಭಿಪ್ರಾಯ ಬಗೆಹರಿಸುವ ಪ್ರಯತ್ನ ನಡೆದಿರಬೇಕು. ಸರ್ವಾನುಮತವೇ ಆಗಬೇಕೆಂದಿಲ್ಲ. ಹಾಗಾಗಿ ಅಲ್ಲಿ ಸುಮ್ಮನೆ ಕೂತವರೂ ಒಪ್ಪಿದವರ ಲೆಕ್ಕಕ್ಕೇ ಬೀಳುತ್ತಾರೆ. ನಮ್ಮ ಕಡೆಯವರಿಗೆ ದೊಡ್ಡವರ ಎದುರು ಎದ್ದು ಬೇಡ ಎನ್ನುವುದು ಕಷ್ಟ, ಅದರಲ್ಲೂ ಅಂಗವಿಕಲರ ಸಂಘದಿಂದ ಒಬ್ಬರನ್ನು ಮಾತ್ರ ಕರೆದು, ಕೊನೆಯ ಸಭೆಗೆ ಕರೆದು, ಮುದ್ರಿತ ಕರಡು ಕೈಗಿಟ್ಟು “ಏನಾದರೂ ಹೇಳುವುದುಂಟಾ?” ಎಂದು ಕೇಳಿದರೆ ಅವರು ಏನು ಹೇಳಿಯಾರು? ನಿನಗೆ ಅಧಿಕಾರವಿದ್ದರೆ ಅವರನ್ನು ಮೊದಲ ಸಭೆಗೇ ಕರೆಸು. ಅಧಿಕಾರವಿಲ್ಲದಿದ್ದರೆ ಕರೆಯಿರಿ ಎಂದು ಬರೆದು ಕೊಡು. ಕಣ್ಣು ಕಾಣದವರಿಗೆ ಕರಡು ಅವರ ಫೋನು ಓದಿ ಹೇಳುವಂಥ ಕಡತವಾಗಿ ಸಿಗಬೇಕು, ಸ್ಕ್ಯಾನ್ ಮಾಡಿದ ಚಿತ್ರವಾಗಿ ಅಲ್ಲ. ಕಿವಿ ಕೇಳದವರಿದ್ದರೆ ಸಂಜ್ಞಾಭಾಷೆಯ ದುಭಾಷಿಗಳು ಇರಬೇಕು. ಸಭೆಯ ಕೋಣೆಗೆ ಲಿಫ್ಟ್ ಉಂಟೋ ಎಂದು ಹಿಂದಿನ ದಿನವೇ ವಿಚಾರಿಸು.

ಈಗ ಅಳತೆಗೆ ಬರೋಣ. ಕೊಡಿಯಾಲ್‌ಬೈಲಿನಷ್ಟು ಒಳ್ಳೆಯ ಪಾಠಶಾಲೆ ನಿನಗೆ ಬೇರೆ ಸಿಗಲಾರದು. ಕೋರ್ಟು, ಜೈಲು, ಬಿಷಪ್ ಹೌಸು, ಬೆಸೆಂಟ್, ಕೆನರಾ ವಿದ್ಯಾಸಂಸ್ಥೆಗಳು, ಆಸ್ಪತ್ರೆ, ಕನ್ವೆನ್ಷನ್ ಹಾಲು, ಎಂ.ಜಿ. ರಸ್ತೆಯ ಅಂಗಡಿಸಾಲು, ಎಲ್ಲವೂ ಒಂದು ನಡಿಗೆಯ ಅಂತರದಲ್ಲಿ. ಮನುಷ್ಯನಿಗೆ ಹೋಗಲೇಬೇಕಾಗಿ ಬರುವ ಬಾಗಿಲುಗಳೆಲ್ಲ ಇಲ್ಲಿವೆ. ನೆಲ ಮಾತ್ರ ಎಲ್ಲೂ ಸಮವಿಲ್ಲ. ಒಂದು ಬದಿ ಗುಡ್ಡ, ಇನ್ನೊಂದು ಬದಿ ತಗ್ಗು. ಮಳೆನೀರಿಗೆ ಹೆದರಿ ನಾವು ಪಂಚಾಂಗವನ್ನು ಎತ್ತರಿಸಿ ಕಟ್ಟುತ್ತೇವೆ. ಮೂರು ಮೆಟ್ಟಿಲು, 450 ಮಿ.ಮೀ. ಎತ್ತರ ಎಂದಿಟ್ಟುಕೋ. 12ಕ್ಕೆ 1ರ ಇಳಿಜಾರಿನ ಪ್ರಕಾರ 5.4 ಮೀಟರ್ ಉದ್ದದ ರಾಂಪ್ ಬೇಕು. ಪಂಚಾಂಗ 900 ಮಿ.ಮೀ. ಆದರೆ 10.8 ಮೀಟರ್, ನಡುವೆ ನಿಲ್ಲಲು ಸಮತಟ್ಟು ಜಾಗ ಬೇರೆ. ಆಗ ಬಿಲ್ಡರ್ ಕಡೆಯವರು ಜಾಗವಿಲ್ಲ, 6ಕ್ಕೆ 1 ಮಾಡೋಣ ಎನ್ನುತ್ತಾರೆ. ಅವರು ಹೇಳುವ ಜಾಗದ ಕಷ್ಟ ಸುಳ್ಳಲ್ಲ, ಸೆಂಟ್ಸ್ ಲೆಕ್ಕದಲ್ಲಿ ನೆಲ ಕೊಂಡವರು ಅವರು. ಆದರೆ 6ಕ್ಕೆ 1ರಲ್ಲಿ ಗಾಲಿಕುರ್ಚಿಯವರು ತಮ್ಮ ಕೈಬಲದಿಂದ ಏರಲಾರರು, ಹಿಂದಕ್ಕೆ ಮಗುಚುವ ಭಯ. ಇಳಿಯುವಾಗ ತಡೆದು ನಿಲ್ಲಿಸುವುದು ಇನ್ನೂ ಕಷ್ಟ. ಅಂಥ ರಾಂಪ್ ನಕ್ಷೆಯಲ್ಲಿ ಉಂಟು, ಬಳಕೆಗೆ ಇಲ್ಲ.

ಇಂಥ ಕಡೆ ಬೇರೆ ದಾರಿ ತೋರಿಸುವುದು ನಿನ್ನ ಕೆಲಸ. ನಮ್ಮ ಗುಡ್ಡದ ಊರಿನಲ್ಲಿ ಅನೇಕ ನಿವೇಶನಗಳಿಗೆ ಮೇಲೊಂದು ರಸ್ತೆ, ಕೆಳಗೊಂದು ರಸ್ತೆ. ಮೇಲಿನ ರಸ್ತೆಯಿಂದ ಮೊದಲ ಮಹಡಿಗೆ ಮೆಟ್ಟಿಲಿಲ್ಲದೆ ಸೀದಾ ನಡೆದು ಹೋಗಬಹುದು. ನಕ್ಷೆಯ ಮೊದಲ ದಿನವೇ ಯೋಚಿಸಿದರೆ ರಾಂಪಿಗೆ ಬೇಕಾದ ಹತ್ತು ಮೀಟರ್ ಉಳಿಯಿತು. ಆದರೆ ಅಲ್ಲೂ ಒಂದು ಷರತ್ತು ಹಾಕು: ಆ ಬಾಗಿಲೇ ಎಲ್ಲರ ಮುಖ್ಯ ಬಾಗಿಲುಗಳಲ್ಲಿ ಒಂದಾಗಬೇಕು. ಜನರೇಟರ್ ಪಕ್ಕ, ಕಸದ ಡಬ್ಬಿ ದಾಟಿ, ವಾಚ್‌ಮನ್ ಕೀಲಿ ತಂದಾಗ ಮಾತ್ರ ತೆರೆಯುವ ಬಾಗಿಲಿನಿಂದ ಒಳಗೆ ಹೋಗುವವರಿಗೆ ಏನನಿಸುತ್ತದೆ ಎಂದು ಒಮ್ಮೆ ಅವರನ್ನೇ ಕೇಳು.

ಮಳೆಯ ವಿಷಯವನ್ನು ನೀನೇ ಎತ್ತಬೇಕು, ದೆಹಲಿಯಲ್ಲಿ ಕೂತವರಿಗೆ ಅದು ತಾನಾಗಿ ಹೊಳೆಯದು. ಜಾರದ ನೆಲಹಾಸು ಎಂದು ಮಾನದಂಡದಲ್ಲಿ ಬರೆದಿರುತ್ತದೆ. ಹೊಸದರಲ್ಲಿ ಜಾರದ ಕಲ್ಲು ನಮ್ಮಲ್ಲಿ ಜುಲೈ ಬರುವಾಗ ಹಾವಸೆ ಹಿಡಿದು ಜಾರುತ್ತದೆ. ನಾಲ್ಕು ತಿಂಗಳು ಒದ್ದೆಯಾಗಿಯೇ ಇರುವ ಊರಿನಲ್ಲಿ ಹೊರಗಿನ ರಾಂಪಿಗೆ ಮಾಡು ಕಡ್ಡಾಯ ಎಂಬ ಸಾಲು ಬೇಕು, ರಾಂಪಿನ ಬುಡದಲ್ಲಿ ನೀರು ನಿಲ್ಲಬಾರದು ಎಂಬ ಸಾಲೂ ಬೇಕು. ಚರಂಡಿಯ ಮೇಲಿನ ಕಬ್ಬಿಣದ ಜಾಲರಿಯ ಸರಳುಗಳು ನಡೆಯುವ ದಿಕ್ಕಿಗೆ ಅಡ್ಡ ಇರಬೇಕು. ಉದ್ದಕ್ಕೆ ಹಾಕಿದರೆ ಗಾಲಿಕುರ್ಚಿಯ ಮುಂದಿನ ಸಣ್ಣ ಚಕ್ರ ಸಿಕ್ಕಿಬೀಳುತ್ತದೆ, ಊರುಗೋಲಿನ ತುದಿಯೂ ಸಿಕ್ಕಿಬೀಳುತ್ತದೆ.

ಶೌಚಾಲಯಕ್ಕೆ ಬಂದಾಗ ಅವಸರ ಮಾಡಬೇಡ. ಸಭೆಗಳಲ್ಲಿ ಈ ಅಧ್ಯಾಯವನ್ನು ಸಂಕೋಚದಿಂದ ಬೇಗ ಬೇಗ ದಾಟಿಬಿಡುತ್ತಾರೆ. ಗಾಲಿಕುರ್ಚಿಯಲ್ಲಿರುವ ನನ್ನ ಸ್ನೇಹಿತರೊಬ್ಬರ ಜೊತೆ ಒಂದು ಹೊಸ ಕಟ್ಟಡಕ್ಕೆ ಹೋಗಿದ್ದೆ. ಶೌಚಾಲಯದ ಬಾಗಿಲ ಮೇಲೆ ನೀಲಿ ಫಲಕವಿತ್ತು, ಒಳಗೆ ಗೋಡೆಗೆ ಸ್ಟೀಲಿನ ಹಿಡಿಕೆಯೂ ಇತ್ತು. ಅವರು ಒಳಗೆ ಹೋದರು. ಬಾಗಿಲು ಒಳಕ್ಕೆ ತೆರೆಯುವಂಥದ್ದು. ಕುರ್ಚಿ ಒಳಗೆ ಬಂದ ಮೇಲೆ ಬಾಗಿಲು ಮುಚ್ಚಲು ಜಾಗವೇ ಉಳಿಯಲಿಲ್ಲ. ಮೂಲೆಯಲ್ಲಿ ಪೊರಕೆ, ಬಕೆಟು, ಫಿನಾಯಿಲ್ ಕ್ಯಾನು ಇಟ್ಟದ್ದರಿಂದ ತಿರುಗಲಿಕ್ಕೂ ಆಗಲಿಲ್ಲ. ನಾನು ಹೊರಗೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಅವರು ಮನೆಗೆ ಬರುವವರೆಗೆ ಒಂದು ಮಾತೂ ಆಡಲಿಲ್ಲ. ಹಿಡಿಕೆಯ ವ್ಯಾಸ ಎಷ್ಟೆಂದು ಬರೆದವರು ಬಾಗಿಲು ಯಾವ ಕಡೆಗೆ ತೆರೆಯಬೇಕೆಂಬುದಕ್ಕೂ ಅಷ್ಟೇ ಗಟ್ಟಿಯಾಗಿ ನಿಂತರೆ ಮಾತ್ರ ಇಂಥದ್ದು ನಿಲ್ಲುತ್ತದೆ.

ಅಂಗವಿಕಲರೆಲ್ಲರ ಬೇಡಿಕೆ ಒಂದೇ ಎಂದೂ ಭಾವಿಸಬೇಡ. ಗಾಲಿಕುರ್ಚಿಯವರಿಗೆ ಫುಟ್‌ಪಾತಿನ ಅಂಚು ರಸ್ತೆಯ ಮಟ್ಟಕ್ಕೆ ಇಳಿದಷ್ಟೂ ಒಳ್ಳೆಯದು. ಬಿಳಿಕೋಲಿನವರಿಗೆ ಫುಟ್‌ಪಾತ್ ಮುಗಿದು ರಸ್ತೆ ಶುರುವಾಯಿತೆಂದು ತಿಳಿಸುವುದೇ ಆ ಅಂಚಿನ ಏಣು. ಅದನ್ನು ಪೂರ್ತಿ ಸವರಿಬಿಟ್ಟರೆ ಅವರು ಗೊತ್ತಿಲ್ಲದೆ ಬಸ್ಸಿನ ಎದುರು ನಿಂತಿರುತ್ತಾರೆ. ಇಬ್ಬರೂ ಸರಿ. ಜಪಾನಿನ ಸೆಯಿಚಿ ಮಿಯಾಕೆ 1965ರಲ್ಲಿ ಕಣ್ಣು ಕಾಣದವರಿಗಾಗಿ ಉಬ್ಬು ಹೆಂಚುಗಳನ್ನು ರೂಪಿಸಿದರು; 1967ರಲ್ಲಿ ಒಕಯಾಮ ನಗರದಲ್ಲಿ ಅವು ಮೊದಲು ರಸ್ತೆಗೆ ಬಂದವು. ಅಂಚು ಇಳಿದಲ್ಲಿ ಚುಕ್ಕೆಯ ಹೆಂಚು ಹಾಕಿದರೆ ಕಾಲಿಗೆ, ಕೋಲಿಗೆ ಎಚ್ಚರಿಕೆ ಸಿಗುತ್ತದೆ, ಚಕ್ರಕ್ಕೂ ದಾರಿ ಸಿಗುತ್ತದೆ. ಇಬ್ಬರನ್ನೂ ಒಂದೇ ಮೇಜಿಗೆ ಕೂರಿಸಿದರೆ ಹುಟ್ಟುವ ಪರಿಹಾರ ಇಂಥದ್ದು. ಹಾಕುವವರಿಗೆ ಅರ್ಥ ತಿಳಿದಿರಬೇಕಷ್ಟೆ: ಉದ್ದ ಗೆರೆ ಎಂದರೆ ನಡೆ, ಚುಕ್ಕೆ ಎಂದರೆ ನಿಲ್ಲು. ಹಳದಿ ಹೆಂಚಿನ ಸಾಲು ಸೀದಾ ವಿದ್ಯುತ್ ಕಂಬಕ್ಕೆ ಹೋಗಿ ಮುಗಿಯುವುದನ್ನು ನೀನೂ ನೋಡಿರುತ್ತೀ. ಹಾಗೆಯೇ ಊರುಗೋಲಿನವರಲ್ಲಿ, ಮೊಣಕಾಲು ನೋವಿನ ಹಿರಿಯರಲ್ಲಿ ಹಲವರಿಗೆ ಉದ್ದದ ರಾಂಪಿಗಿಂತ ಹಿಡಿಕೆಯಿರುವ ನಾಲ್ಕು ಮೆಟ್ಟಿಲೇ ಸುಲಭ. ರಾಂಪ್ ಕಟ್ಟಿದೆವೆಂದು ಮೆಟ್ಟಿಲು ಕಿತ್ತುಹಾಕುವ ಸಾಲಿಗೆ ಒಪ್ಪಬೇಡ.

ಊರಿನ ಅನುಭವದಿಂದ ಹೊಸತನ್ನು ಸೇರಿಸುವ ಧೈರ್ಯವೂ ಇರಲಿ. ವಾಹನ ನಿಲುಗಡೆಯ ನಿಯಮಗಳು ಹೆಚ್ಚಾಗಿ ಕಾರನ್ನು ಕಣ್ಣಮುಂದಿಟ್ಟು ಬರೆದಂಥವು. ನಮ್ಮಲ್ಲಿ ಅನೇಕ ಅಂಗವಿಕಲರು ಓಡಾಡುವುದು ಪಕ್ಕಕ್ಕೆ ಎರಡು ಚಕ್ರ ಜೋಡಿಸಿದ ಸ್ಕೂಟರಿನಲ್ಲಿ; ಸರ್ಕಾರವೇ ಅಂಥ ಸ್ಕೂಟರ್ ಹಂಚುತ್ತದೆ. ಅದು ಬೈಕುಗಳ ಸಾಲಿನಲ್ಲಿ ಹಿಡಿಸುವುದಿಲ್ಲ, ಕಾರಿನ ಜಾಗದಲ್ಲಿ ನಿಲ್ಲಿಸಿದರೆ ಬೈಗುಳ. ಬಾಗಿಲಿನ ಹತ್ತಿರ ಅದಕ್ಕೇ ಒಂದಿಷ್ಟು ಜಾಗ, ಇಳಿದು ಊರುಗೋಲು ತೆಗೆದುಕೊಳ್ಳಲು ಪಕ್ಕದಲ್ಲಿ ತೆರಪು: ಇದನ್ನು ನಿನ್ನ ಸಮಿತಿ ಬರೆದರೆ ಬೇರೆ ಜಿಲ್ಲೆಗಳೂ ನೋಡಿ ಕಲಿತಾವು.

ಹಳೆಯ ಅಂಕಿ ಪವಿತ್ರವೇನಲ್ಲ. ಅಮೆರಿಕದ ಎ117.1 ಎಂಬ ಮಾನಕ 1961ರಲ್ಲಿ ಬಂತು, ಇಲಿನಾಯ್ ವಿಶ್ವವಿದ್ಯಾಲಯದ ತಿಮೊಥಿ ನ್ಯೂಜೆಂಟ್ ಅವರ ಕೆಲಸದ ಬಲದಿಂದ. ಗಾಲಿಕುರ್ಚಿ ಸುತ್ತು ತಿರುಗಲು 60 ಇಂಚು ಸಾಕು ಎಂಬ ಲೆಕ್ಕ ಅಲ್ಲಿ ಬಹುಕಾಲ ನಡೆಯಿತು. ಮೋಟಾರಿನ ಕುರ್ಚಿಗಳು ಬಂದವು. ಬಫಲೋ ವಿಶ್ವವಿದ್ಯಾಲಯದವರು ನಿಜವಾದ ಬಳಕೆದಾರರನ್ನು ಅವರವರ ಕುರ್ಚಿಯ ಸಮೇತ ಅಳೆದರು. 2017ರ ಆವೃತ್ತಿಯಲ್ಲಿ ಹೊಸ ಕಟ್ಟಡಗಳಿಗೆ ಅದು 67 ಇಂಚಾಯಿತು. ನಮ್ಮಲ್ಲಿ ಸಾಮಾನ್ಯವಾಗಿ ಬಳಸುವ 1500 ಮಿ.ಮೀ. ಆ ಹಳೆಯ 60 ಇಂಚಿನ ಹತ್ತಿರದ್ದು. ಈ ಊರಿನ ಕುರ್ಚಿಗಳಿಗೆ ಅದು ಸಾಕೇ ಎಂದು ಅಳೆದು ತೋರಿಸಿದವರ ಮಾತಿಗೆ ಸಭೆಯಲ್ಲಿ ತೂಕ ಬರುತ್ತದೆ. ದನಿ ಎತ್ತರಿಸಿದರೆ ಬರುವುದಿಲ್ಲ.

ಇನ್ನು ಬರೆಯುವ ಕ್ರಮ. ಮಾನಕ ಬ್ಯೂರೋ ಕರಡುಗಳನ್ನು ಸಾರ್ವಜನಿಕರ ಅಭಿಪ್ರಾಯಕ್ಕೆ ಬಿಡುತ್ತದೆ, ಯಾರು ಬೇಕಾದರೂ ಬರೆಯಬಹುದು. “ಇದು ಸರಿಯಿಲ್ಲ” ಎಂದು ಬರೆದರೆ ಓದಿದವರಿಗೆ ಏನು ಮಾಡಬೇಕೆಂದೇ ತಿಳಿಯದು. ಕಲಂ ಸಂಖ್ಯೆ ಹಾಕು, ಈಗಿರುವ ವಾಕ್ಯ ಬರೆ, ಬದಲಿಗೆ ಬೇಕಾದ ವಾಕ್ಯವನ್ನು ಪೂರ್ತಿಯಾಗಿ ಬರೆ, ಕಾರಣ ಕೊಡು, ಅಳತೆ ಲಗತ್ತಿಸು. ತಾವಾಗಿ ಬರೆಯಲಾಗದವರ ಪರವಾಗಿಯೂ ಬರೆದುಕೊಡು. ಅಂಗವಿಕಲರ ನಡುವೆ ಕೆಲಸ ಮಾಡುವ ನಗರ ಪುನರ್ವಸತಿ ಕಾರ್ಯಕರ್ತರನ್ನು ಕೇಳಿದರೆ ಯಾರಿಗೆ ಯಾವ ಬಾಗಿಲಲ್ಲಿ ತೊಂದರೆ ಎಂದು ಅವರು ಹೆಸರು ಹಿಡಿದು ಹೇಳುತ್ತಾರೆ.

ಎಷ್ಟು ಪ್ರಯತ್ನಿಸಿದರೂ ಕನಿಷ್ಠವನ್ನು ತಗ್ಗಿಸುವ ಕಡೆಗೇ ಸಭೆ ವಾಲಿದರೆ ಎಂತ ಮಾಡುವುದು ಎಂದು ನೀನು ಕೇಳಬಹುದು. ಜಗಳವಾಡಿ ಎದ್ದು ಬರಬೇಡ. ನಿನ್ನ ಕುರ್ಚಿ ಖಾಲಿಯಾದರೆ ಉಳಿದವರಿಗೆ ಸಹಮತ ಇನ್ನೂ ಸುಲಭ. ಕೂತುಕೊಂಡೇ, ಈ ಕಲಂಗೆ ನನ್ನ ವಿರೋಧವಿದೆ, ಕಾರಣ ಇದು, ಬದಲಿ ವಾಕ್ಯ ಇದು ಎಂದು ನಡಾವಳಿಯಲ್ಲಿ ದಾಖಲಿಸು. ದಾಖಲಾಯಿತೋ ಎಂದು ಮುಂದಿನ ಸಭೆಯಲ್ಲಿ ಓದಿಸಿ ಕೇಳು. ಅವಸರಕ್ಕೆ ಒಪ್ಪಿ ಮುಂದಿನ ಪರಿಷ್ಕರಣೆಯಲ್ಲಿ ಸರಿಮಾಡೋಣ ಎಂಬ ಸಮಾಧಾನವನ್ನು ಮಾತ್ರ ನಂಬಬೇಡ. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ 1970ರಲ್ಲಿ ಬಂತು, 1983ರಲ್ಲಿ ಪರಿಷ್ಕರಣೆಯಾಯಿತು, ಆಮೇಲೆ 2005ರಲ್ಲಿ, ಮತ್ತೆ 2016ರಲ್ಲಿ. 1983ರಿಂದ 2005ಕ್ಕೆ 22 ವರ್ಷ. ಅಷ್ಟರಲ್ಲಿ ಹುಟ್ಟಿದ ಮಗು ಶಾಲೆ, ಕಾಲೇಜು ಮುಗಿಸಿರುತ್ತದೆ, ಆ ಶಾಲೆ ಕಾಲೇಜುಗಳ ಮೆಟ್ಟಿಲು ಏರಲು ಅದಕ್ಕೆ ಆಗಿದ್ದರೆ. ಕರಡು ಕೈಗೆ ಬಂದ ದಿನ ನನಗೆ ಫೋನು ಮಾಡು, ಶೌಚಾಲಯದ ಅಧ್ಯಾಯದಿಂದಲೇ ಶುರುಮಾಡಿ ಒಟ್ಟಿಗೆ ಓದೋಣ.